ಶಜರಾ ಯಾರ ಪರ?

ಪೋಲೆಂಡಿನ ಕುಲೀನರು ತಾವು ಕಪ್ಪು ಸಮುದ್ರದ ಹುಲ್ಲುಗಾವಲಿನ ಪ್ರಾಚೀನ ಸರ್ಮಾಟಿಯನ್ ಬುಡಕಟ್ಟಿನ ಸಂತತಿಯೆಂದು 16ನೇ ಶತಮಾನದಿಂದ ಹೇಳಿಕೊಂಡು ಬಂದರು. ಸರ್ಮಾಟಿಯನ್ನರದು ಇರಾನಿ ಮೂಲದ ಭಾಷೆ, ಪೋಲರದು ಸ್ಲಾವ್ ಭಾಷೆ. ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಆದರೆ ಅದರಿಂದ ಒಡೆಯರಿಗೆ ಲಾಭವಿತ್ತು: ಒಡೆಯನ ರಕ್ತವೇ ಬೇರೆ, ರೈತನದೇ ಬೇರೆ ಎಂದಾದ ಮೇಲೆ ಜೀತಕ್ಕೆ ಬೇರೆ ಸಮರ್ಥನೆ ಬೇಕೇ?

ಇನ್ನೊಂದು ವಿಪರ್ಯಾಸ ನೋಡಿ. 1683ರಲ್ಲಿ ವಿಯೆನ್ನಾದ ಬಳಿ ತುರ್ಕರೊಡನೆ ಕಾದಾಡಿದ ಈ ಕುಲೀನರ ನಿಲುವಂಗಿ, ಬಾಗುಕತ್ತಿಗಳೆಲ್ಲ ಪೂರ್ವದ ಮಾದರಿಯವೇ. ಅವರ ದೊರೆ ಯಾನ್ ಸೊಬಿಯೆಸ್ಕಿ 1679ರಲ್ಲಿ ತನ್ನ ಮುಸ್ಲಿಂ ತಾತಾರ್ ಸೈನಿಕರಿಗೆ ಕ್ರುಶಿನ್ಯಾನಿ ಊರಲ್ಲಿ ಭೂಮಿ ಕೊಟ್ಟಿದ್ದ. ಅಲ್ಲಿ ಮರದ ಮಸೀದಿಯೊಂದು ಈಗಲೂ ಇದೆ.

ಸೈಯದ್, ಶೇಖ್ ಎಂದು ಶಜರಾ ಬಿಚ್ಚಿಡುವ ನಮಗೆ ಇದು ಹೊಸ ಕಥೆಯೇನಲ್ಲ. ಅದರಲ್ಲಿ ಯಾರ ಹೆಸರಿದೆ ಎನ್ನುವುದಕ್ಕಿಂತ ಯಾರನ್ನು ಕೆಳಗಿಡಲು ಅದನ್ನು ಬರೆದರು ಎಂದು ನಾವು ಮೊದಲು ಕೇಳಬೇಕು.