ಎಲ್ಲ ಮೇಕೆಗೂ ಜಂತುನಾಶಕವೇ?

ಬಂಗಾರಪೇಟೆ, ಕೆಜಿಎಫ್ ಸುತ್ತ ನಾಲ್ಕಾರು ಮೇಕೆ ಸಾಕುವವರಿಗೂ ಕೈಪಿಡಿಗಳ ಸಲಹೆ ಒಂದೇ: ಮಳೆಗಾಲದ ಮೊದಲು ಹಾಗೂ ನಂತರ ಇಡೀ ಹಿಂಡಿಗೆ ಜಂತುನಾಶಕ ಕುಡಿಸಿ. ಇದರಲ್ಲಿ ಅಳತೆಯೇ ಇಲ್ಲ. ಜಠರದ ಹೀಮಾಂಕಸ್ ಹುಳುವೊಂದರಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟ; ಸಾವಿರವಿದ್ದರೆ 50 ಮಿ.ಲೀ. ಆದರೆ ಹೆಚ್ಚಿನ ಹುಳುಗಳಿರುವುದು ಕೆಲವೇ ಮೇಕೆಗಳಲ್ಲಿ. ಎಲ್ಲಕ್ಕೂ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದ ಹುಳುಗಳೇ ಉಳಿದು ಸಂತತಿ ಬೆಳೆಸುತ್ತವೆ. ಕುರಿಯ ಪ್ರಮಾಣವನ್ನೇ ಮೇಕೆಗೂ ಕೊಡುವುದಂತೂ ಇನ್ನೂ ಕೆಟ್ಟದ್ದು. ಮೇಕೆಯ ದೇಹ ಅಲ್ಬೆಂಡಜೋಲ್‌ನಂಥ ಔಷಧಿಯನ್ನು ಬೇಗ ಹೊರಹಾಕುತ್ತದೆ.

ದಕ್ಷಿಣ ಆಫ್ರಿಕದಲ್ಲಿ 1990ರ ದಶಕದಲ್ಲಿ ರೂಪಿಸಿದ ಫಮಾಚಾ ಪಟ್ಟಿಯಲ್ಲಿ ಕೆಳರೆಪ್ಪೆಯ ಒಳಬಣ್ಣಕ್ಕೆ ಐದು ಹಂತಗಳಿವೆ. ಬಿಳಿಚಿದವಕ್ಕೆ ಮಾತ್ರ ಔಷಧಿ. ರಕ್ತ ಹೀರದ ಹುಳುಗಳನ್ನು ಅದು ತೋರಿಸದು. ಅದಕ್ಕೆ ಹಿಕ್ಕೆ ಪರೀಕ್ಷಿಸಬೇಕು. ಉಪ್ಪಿನ ಗಾಢ ದ್ರಾವಣದಲ್ಲಿ ಕದಡಿದರೆ ಮೊಟ್ಟೆಗಳು ತೇಲುತ್ತವೆ. ಶಾಲೆಯ ಸೂಕ್ಷ್ಮದರ್ಶಕದಲ್ಲೇ ಕಾಣುತ್ತವೆ.