ಮೊದಲು ಅದರ ಹೊಟ್ಟೆ ನೋಡಿ

ನಿಂಫ್ ಕಟ್ಟುವುದನ್ನು ನೋಡಲು ಬಂದವರು ಕೇಳುವುದು ಎರಡೇ ಪ್ರಶ್ನೆ. ‘ಇದಕ್ಕ ಎಷ್ಟ ಕಿಲೋದ ಮೀನ ಬೀಳತೈತ್ರಿ?’, ‘ಬಣ್ಣಬಣ್ಣದ್ದು ಇಲ್ಲೇನ್ರಿ?’ ಎರಡಕ್ಕೂ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಮಿಂಚುವ ಮಣಿ, ಜರಿ ಎಳೆ, ಗುಲಾಬಿ ರೆಕ್ಕೆಯ ಫ್ಲೈಗಳಿಗೆ (ಗಾಳಕ್ಕೆ ಗರಿ, ದಾರ ಸುತ್ತಿ ಕಟ್ಟುವ ಹುಸಿ ಹುಳಗಳಿಗೆ) ಮೊಬೈಲಿನಲ್ಲಿ ಲೈಕು ಬೀಳುತ್ತವೆ. ನೀರಿಗಿಳಿದರೆ ಅವುಗಳ ಗತಿ ಬೇರೆ. ಈ ಶೋಕಿ ಹೊಸದೂ ಅಲ್ಲ. ಇಂಗ್ಲೆಂಡಿನ ದೊರೆಗಳ ಸಾಲ್ಮನ್ ಫ್ಲೈಗೆ ಚಂದ ಬರಲೆಂದು ನಮ್ಮ ದಕ್ಷಿಣದ ಕಾಡುಹುಂಜದ ಕುತ್ತಿಗೆಗರಿ ಒಂದು ಕಾಲಕ್ಕೆ ಹಡಗು ಹತ್ತಿ ಹೋಗುತ್ತಿತ್ತು. ಅದಕ್ಕೆ ಹುಂಜಗಳು ಸತ್ತವು, ಮೀನಿಗೆ ಅದರ ಚಂದ ತಿಳಿಯಿತೋ ಇಲ್ಲವೋ.

ನಿಂಫ್ ಅಂಥದ್ದಲ್ಲ. ನೀರೊಳಗೆ ಕಲ್ಲಿನಡಿ ಬದುಕುವ, ರೆಕ್ಕೆ ಬಿಚ್ಚದ ಮರಿಹುಳದ ವೇಷ ಅದು. ಅಂಗೈ ಮೇಲಿಟ್ಟರೆ ಜೋಳದ ರವದಿಯ ಚೂರಿನಂತೆ ಕಾಣುತ್ತದೆ. ವೈಸ್ ಎಂಬ ಹಿಡಿಕೆಗೆ ಗಾಳ ಸಿಕ್ಕಿಸುವುದು, ದಾರ ಹೂಡುವುದು ಇವನ್ನೆಲ್ಲ ಯಾರ ಪಕ್ಕದಲ್ಲಾದರೂ ಕೂತು ಕಲಿಯಿರಿ. ನಾನು ಹೇಳುವುದು ಒಂದೇ: ತಂತಿ ಯಾವ ಕಡೆಗೆ ಸುತ್ತಿದೆ, ನೋಡಿ.

ನವಿಲುಗರಿಯ ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿಯಿರಿ. (ಉದುರಿದ ಗರಿ, ಕಿತ್ತದ್ದಾದರೆ ನನ್ನ ಹತ್ತಿರ ತರಬೇಡಿ.) ನಡುವೆ ಒಂದು ತೆಳ್ಳನೆಯ ದಂಟು, ಅದರ ಮೈತುಂಬ ಹಸಿರು ತಾಮ್ರದ ಬಣ್ಣದ ನವಿರು. ಇದನ್ನು ಗಾಳಕ್ಕೆ ಸುತ್ತಿದರೆ ಹುಳದ ಹೊಟ್ಟೆ ಆಗುತ್ತದೆ, ನೀರಲ್ಲಿ ಜೀವ ಇದ್ದಂತೆಯೇ ಕಾಣುತ್ತದೆ. ಆದರೆ ಆ ದಂಟು ಬಲು ಬಡವ. ಒಂದು ಹಲ್ಲು ತಾಗಿ ಒಂದು ಕಡೆ ಕಡಿದರೆ ಸಾಕು, ಇಡೀ ಸುತ್ತು ಬಿಚ್ಚಿಕೊಂಡು ಬರಿಗಾಳ ಉಳಿಯುತ್ತದೆ. ಅದಕ್ಕೇ ಮೇಲೊಂದು ತಾಮ್ರದ ತಂತಿ. ತಂತಿಯನ್ನು ಎಳೆ ಸುತ್ತಿದ ಕಡೆಗೇ ಸುತ್ತಿದರೆ ಅದು ಸುತ್ತುಗಳ ಸಂದಿಯಲ್ಲಿ ಇಳಿದು ಕೂರುತ್ತದೆ, ಯಾವುದನ್ನೂ ಕಾಯುವುದಿಲ್ಲ. ಎದುರು ದಿಕ್ಕಿಗೆ ಸುತ್ತಿದರೆ ಪ್ರತಿ ಸುತ್ತನ್ನೂ ಅಡ್ಡ ಹಾಯ್ದು ಅದುಮುತ್ತದೆ. ಆಗ ಎಳೆ ಒಂದು ಕಡೆ ಕಡಿದರೂ ಉಳಿದದ್ದು ಜಾಗ ಬಿಟ್ಟು ಅಲುಗುವುದಿಲ್ಲ. ನಾಲ್ಕೈದು ಸುತ್ತು ಸಾಕು; ಹೆಚ್ಚಾದರೆ ನವಿರೆಲ್ಲ ಅಡಗಿ ಹುಳ ಸತ್ತಂತೆ ಕಾಣುತ್ತದೆ. ತಂತಿಗೆ ವಿಲಾಯತಿ ಪೊಟ್ಟಣ ತರಿಸಬೇಡಿ. ಯಲಬುರ್ಗಾದಲ್ಲೋ ಕುಷ್ಟಗಿಯಲ್ಲೋ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ, ಫ್ಯಾನಿಗೆ ಸುತ್ತುವ 36ನೇ ಗೇಜಿನ ತಂತಿ ಒಂದು ಮಾರು ಕೇಳಿ. ದುಡ್ಡು ಕೂಡ ಇಸಗೊಳ್ಳುವುದಿಲ್ಲ.

ನನ್ನ ಕಣ್ಣು ತೆರೆದದ್ದು ಕೊಡಗಿನ ಕಾವೇರಿ ದಂಡೆಯಲ್ಲಿ. ಅಲ್ಲೊಬ್ಬರು ಹಿರಿಯರು ತಮ್ಮ ಡಬ್ಬಿಯಿಂದ ಹೊಸ ನಿಂಫ್ ಬಿಟ್ಟು ಹಳೆಯದೊಂದನ್ನು ತೆಗೆದು ಕೊಟ್ಟರು. ನವಿರು ಅರ್ಧ ಹೋಗಿತ್ತು, ಬಾಲ ಮೋಟಾಗಿತ್ತು, ತಂತಿ ಮಾತ್ರ ಕಟ್ಟಿದಲ್ಲೇ ಇತ್ತು. ‘ಇದನ್ನು ಮೀನು ಅಗಿದಿದೆ’ ಎಂದರು, ಅಷ್ಟೇ. ನಮ್ಮ ನದಿಗಳಲ್ಲಿ ಇದು ಸಣ್ಣ ಮಾತಲ್ಲ. ಮಹಶೀರ್ ಮೀನಿನ ಬಾಯಲ್ಲಿ ಹಲ್ಲಿಲ್ಲ, ಇರುವುದೆಲ್ಲ ಗಂಟಲಲ್ಲಿ. ಏಡಿ, ಚಿಪ್ಪುಹುಳಗಳನ್ನು ಅಲ್ಲೇ ಹಾಕಿ ಪುಡಿ ಮಾಡುತ್ತದೆ. ಟ್ರೌಟ್ ಮೀನಿಗೆಂದು ನಾಜೂಕಾಗಿ ಕಟ್ಟಿದ್ದು ಅದರೆದುರು ಎಷ್ಟು ಹೊತ್ತು ಬಾಳೀತು?

ಇಂಗ್ಲೆಂಡಿನ ಏವನ್ ನದಿಯನ್ನು ಕಾಯುತ್ತಿದ್ದ ಫ್ರಾಂಕ್ ಸಾಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ಫೆಸೆಂಟ್ ಟೇಲ್ ನಿಂಫಿನಲ್ಲಿ ದಾರವೇ ಇಲ್ಲ. ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನೂ ತಾಮ್ರದ ತಂತಿಯನ್ನೂ ಒಟ್ಟಿಗೆ ಹೊಸೆದು ಸುತ್ತಿದ, ಆಯಿತು. ಕಟ್ಟುವುದೂ ಅದೇ ತಂತಿ, ಭಾರವೂ ಅದೇ, ಬಣ್ಣವೂ ಅದೇ. ಕಾಲು ಇಡಲಿಲ್ಲ, ಈಜುವ ಮರಿಹುಳ ಕಾಲು ಮಡಚಿಕೊಂಡಿರುತ್ತದೆ ಎಂದು ಅವನು ನೋಡಿದ್ದ. ಅವನ ‘ನಿಂಫ್ಸ್ ಆಂಡ್ ದಿ ಟ್ರೌಟ್’ ಪುಸ್ತಕ ಬಂದದ್ದು 1958ರಲ್ಲಿ. ಇಂದಿಗೂ ಜನ ಅದೇ ನಿಂಫಿಗೆ ಕಾಲು ಅಂಟಿಸಿ ‘ಸುಧಾರಿಸಿದ್ದು’ ಎಂದು ಮಾರುತ್ತಾರೆ.

ಬೇವೂರಿನ ಎರಿಹೊಲದಲ್ಲಿ ಕೂತು ಗಾಳದ ಮಾತಾಡುತ್ತಾನಲ್ಲ ಎಂದು ನಗುವವರು ಇಟಗಿಯ ತನಕ ಹೋಗಿ ಬರಲಿ. ಅಲ್ಲಿನ ಮಹಾದೇವ ದೇಗುಲವನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ. ಆ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ: ಯಾವ ಮೀನು, ಅದಕ್ಕೆ ಯಾವ ಮೇವು, ಕೋಲು ಹೇಗೆ, ಹುರಿ ಹೇಗೆ. ಕಲ್ಯಾಣದ ರಾಜನಿಗಿಲ್ಲದ ನಾಚಿಕೆ ನನಗೇಕೆ?

ಉಳಿದದ್ದು ಬೇಗ ಹೇಳುತ್ತೇನೆ. ಬಾಲ ಉದ್ದವಾದರೆ ಕತ್ತರಿಸಬೇಡಿ, ಬಿಚ್ಚಿ ಮತ್ತೆ ಕಟ್ಟಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿ. ಕಾವೇರಿಯ ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್ 2018ರಿಂದ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿ ಕಟ್ಟಕಡೆಯ ಮೆಟ್ಟಿಲಲ್ಲಿದೆ; ಯಾವ ಮಹಶೀರ್ ಸಿಕ್ಕರೂ ನೀರಲ್ಲೇ ಬಿಡಿಸಿ ಬಿಡಬೇಕು. ಪರವಾನಗಿ ಕೇಳದೆ ಯಾವ ನದಿಗೂ ಇಳಿಯಬೇಡಿ.

ತಲೆಯ ಗಂಟಿಗೆ ಬಳೆ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು, ಸೂಜಿ ಮೊನೆಯಲ್ಲಿ ಒಂದು ಹನಿ. ಎರಡು ಹನಿ ಹಾಕಿದವರು ಗಾಳದ ಕಣ್ಣು ಮುಚ್ಚಿಸಿಕೊಂಡು, ಮೀನು ಏಳುವ ಹೊತ್ತಿಗೆ ದಂಡೆಯಲ್ಲಿ ಕೂತು ಅದನ್ನು ಚುಚ್ಚುತ್ತಿರುತ್ತಾರೆ.