‘ಸ್ಥಾವರ’ ಶಬ್ದದ ಅರ್ಥವ್ಯಾಪ್ತಿ

ನಿತ್ಯ, ಶಾಶ್ವತ, ಸ್ಥಿರ, ಸ್ಥಾವರ ಎಂಬ ಶಬ್ದಗಳು ಲೋಕವ್ಯವಹಾರದಲ್ಲಿ ಒಂದಕ್ಕೊಂದು ಪರ್ಯಾಯವಾಗಿ ಬಳಕೆಯಾಗುವುದುಂಟು. ವಚನಗಳ ಅಭ್ಯಾಸಿಯು ಮಾತ್ರ ಇವುಗಳನ್ನು ಒಂದೇ ಎಂದು ಭಾವಿಸಲಾಗದು. ‘ಸ್ಥಾವರ’ವನ್ನು ‘ಶಾಶ್ವತ’ವೆಂದು ಗ್ರಹಿಸಿದರೆ, ಅದಕ್ಕೆ ಅಳಿವನ್ನು ಹೇಳುವ ಬಸವಣ್ಣನವರ ಮಾತು ಬರಿಯ ಚಮತ್ಕಾರವಾಗಿಬಿಡುತ್ತದೆ.

ಮೊದಲು ವ್ಯುತ್ಪತ್ತಿಯನ್ನು ನೋಡೋಣ. ‘ಸ್ಥಾ’ ಧಾತುವಿಗೆ ಗತಿನಿವೃತ್ತಿ, ಎಂದರೆ ನಿಲ್ಲುವುದು, ಎಂದು ಅರ್ಥ. ಪಾಣಿನಿಯು ಅಷ್ಟಾಧ್ಯಾಯಿಯ 3-2-175ನೆಯ ಸೂತ್ರದಲ್ಲಿ ಈ ಧಾತುವಿಗೆ ‘ವರಚ್’ ಪ್ರತ್ಯಯವನ್ನು ವಿಧಿಸಿದ್ದಾನೆ. ‘ಈಶ್ವರ’ ಶಬ್ದವೂ ಅದೇ ಸೂತ್ರದಿಂದ ಸಿದ್ಧಿಸುತ್ತದೆ. ಈ ಪ್ರತ್ಯಯವು ಶೀಲವನ್ನು, ಸ್ವಭಾವವನ್ನು ಸೂಚಿಸತಕ್ಕದ್ದು. ಆದುದರಿಂದ ನಿಲ್ಲುವುದೇ ಯಾವುದರ ಸ್ವಭಾವವೋ ಅದು ಸ್ಥಾವರ. ನಿಲುಗಡೆ ಶಬ್ದದಲ್ಲಿದೆ, ಅವಿನಾಶವು ಅದರಲ್ಲಿಲ್ಲ.

ಪ್ರಯೋಗಗಳೂ ಇದನ್ನೇ ಸಮರ್ಥಿಸುತ್ತವೆ. ಭಗವದ್ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಹಿಮಾಲಯವು ಸ್ಥಾವರಗಳಲ್ಲಿ ಶ್ರೇಷ್ಠವೆನಿಸಿದೆ. ಹದಿಮೂರನೆಯ ಅಧ್ಯಾಯವಾದರೋ ಸ್ಥಾವರವನ್ನೂ ಜಂಗಮವನ್ನೂ ಹುಟ್ಟುಳ್ಳ ವಸ್ತುಗಳೆಂದೇ ಹೇಳುತ್ತದೆ. ಹುಟ್ಟಿದ್ದಕ್ಕೆ ಅಳಿವು ಸಹಜ. ಮನುಸ್ಮೃತಿಯು ನೆಲವನ್ನು ಸೀಳಿ ಮೊಳೆಯುವ ಗಿಡಮರಗಳನ್ನು ಸ್ಥಾವರವೆನ್ನುತ್ತದೆ.

ಧರ್ಮಶಾಸ್ತ್ರದಲ್ಲಿ ಈ ಶಬ್ದಕ್ಕೆ ಇನ್ನೊಂದು ಮುಖವುಂಟು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಸ್ಥಾವರ ಸ್ವತ್ತಿನ ಹಕ್ಕುಗಳನ್ನು ಚರ್ಚಿಸಿದ್ದಾನೆ. ಅಂಥ ಸ್ವತ್ತನ್ನು ತಂದೆಯಾದವನೂ ಮಕ್ಕಳ ಸಮ್ಮತಿಯಿಲ್ಲದೆ ಸ್ವೇಚ್ಛೆಯಿಂದ ಪರಭಾರೆ ಮಾಡಲಾಗದೆಂಬುದು ಅವನ ಮತ. ಹೀಗೆ ಬಸವಣ್ಣನವರಿಗಿಂತ ಕೆಲವು ದಶಕಗಳ ಮುನ್ನವೇ, ಅದೇ ಕಲ್ಯಾಣದಲ್ಲಿ, ‘ಸ್ಥಾವರ’ವು ಒಡೆತನದ ಪರಿಭಾಷೆಯಾಗಿತ್ತು.

ದೇಹವನ್ನೇ ದೇಗುಲವಾಗಿ ಕಾಣುವ ಬಸವಣ್ಣನವರ ಸುಪ್ರಸಿದ್ಧ ವಚನವನ್ನು ಈ ಬೆಳಕಿನಲ್ಲಿ ಓದಬೇಕು. ಅದು ಸಿರಿವಂತರು ಕಟ್ಟಿಸುವ ಶಿವಾಲಯದ ಪ್ರಸ್ತಾಪದಿಂದ ತೊಡಗಿ, ತಮ್ಮ ಬಡತನವನ್ನು ನಿವೇದಿಸಿ, ಕೊನೆಗೆ ಸ್ಥಾವರ–ಜಂಗಮಗಳ ವಿವೇಕಕ್ಕೆ ಬರುತ್ತದೆ. ಮೊದಲಲ್ಲಿ ಸಂಪತ್ತಿನ ಮಾತಿರುವುದರಿಂದ ಕೊನೆಯ ‘ಸ್ಥಾವರ’ದಲ್ಲಿ ಕಟ್ಟಡ, ಆಸ್ತಿ, ನೆಲೆನಿಂತ ಲಿಂಗ ಎಂಬ ಮೂರು ಅರ್ಥಗಳೂ ಧ್ವನಿಸುತ್ತವೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ‘ಶಾಶ್ವತ’ದ ಅರ್ಥವನ್ನು ತಾರದೆ, ‘ನಿಂತಿರುವುದು’ ಎಂಬ ಧಾತ್ವರ್ಥವನ್ನೇ ಹಿಡಿದದ್ದು ಉಚಿತವಾಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಇಷ್ಟಲಿಂಗವೂ ಜಡವಸ್ತುವಲ್ಲವೆ? ಅಹುದು. ಭೇದವಿರುವುದು ವಸ್ತುವಿನಲ್ಲಲ್ಲ, ಸಂಬಂಧದಲ್ಲಿ. ಸ್ಥಾವರಲಿಂಗದ ಬಳಿಗೆ ಭಕ್ತನು ಹೋಗಬೇಕು. ಇಷ್ಟಲಿಂಗವು ಭಕ್ತನೊಡನೆ ನಡೆಯುತ್ತದೆ. ಬಸವಣ್ಣನವರ ಅಂಕಿತವೇ ಇದಕ್ಕೆ ನಿದರ್ಶನ. ಕೂಡಲಸಂಗಮದೇವನೆಂಬುದು ಕೃಷ್ಣಾ–ಮಲಪ್ರಭೆಗಳು ಕೂಡುವೆಡೆಯಲ್ಲಿ ನೆಲೆನಿಂತ ಲಿಂಗದ ಹೆಸರು. ಲಿಂಗವು ಸಂಗಮದಲ್ಲಿಯೇ ಉಳಿಯಿತು. ಹೆಸರು ಅವರೊಡನೆ ಕಲ್ಯಾಣಕ್ಕೆ ನಡೆದು ವಚನಗಳಲ್ಲಿ ಸಂಚರಿಸಿತು. ಆದ್ದರಿಂದ ಆ ವಚನವನ್ನು ಕೇವಲ ದೇಗುಲನಿಂದೆಯೆಂದು ಓದುವುದು ಅದನ್ನು ಕಿರಿದುಗೊಳಿಸಿದಂತೆ.

ಇಂದಿನ ಕನ್ನಡದಲ್ಲಿ ಕೈಗಾದ ಅಣು ವಿದ್ಯುತ್ ಕೇಂದ್ರವೂ ‘ಸ್ಥಾವರ’ವೆನಿಸಿದೆ; ಒಂದೆಡೆ ನೆಲೆಗೊಳಿಸಿದ್ದು ಎಂಬ ಮೂಲಾರ್ಥ ಅಲ್ಲಿಯೂ ಅಳಿದಿಲ್ಲ. ‘ಜಂಗಮ’ ಶಬ್ದದ ವಿಷಯದಲ್ಲಿ ನಾವು ಇಷ್ಟು ಎಚ್ಚರ ವಹಿಸಿದ್ದೇವೆಯೇ ಎಂಬುದು ವಿಚಾರಾರ್ಹ. ಅದು ಅರಿವಿನ ನಡೆಯನ್ನು ಬಿಟ್ಟು ಕುಲದ ಅಥವಾ ವೇಷದ ಹೆಸರಾಗಿ ನಿಂತುಬಿಟ್ಟರೆ, ಜಂಗಮವೇ ಸ್ಥಾವರವಾದಂತಾಯಿತು. ಶರಣರು ಹೇಳಿದ ಅಳಿವು ಆಗ ಅದಕ್ಕೂ ತಪ್ಪದು.